ಸೆಪ್ಟೆಂಬರಿನ ಚಿತ್ರ, ಏಪ್ರಿಲಿನ ಚಿತ್ರ

(ಹವ್ಯಾಸಿ ಛಾಯಾಗ್ರಾಹಕರು ತಮ್ಮ ಇತ್ತೀಚಿನ ಮೆಚ್ಚಿನ ಚಿತ್ರಗಳನ್ನು ಪರಸ್ಪರ ತೋರಿಸಿಕೊಳ್ಳಲು ಕುರೆಕುಪ್ಪದಲ್ಲಿ ಸೇರಿದ್ದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂಡೂರನ್ನು ನೋಡುವುದಾದರೆ ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿಯವರು ಹೇಳಿದರೆಂಬ ಮಾತು ಈ ಸೀಮೆಯಲ್ಲಿ ಮನೆಮಾತಾಗಿದೆ. ಮುಂಗಾರಿನ ಮಳೆ ಹಿಡಿದು ಬೆಟ್ಟಸಾಲು ಹಸಿರಾಗಿರುತ್ತದೆ. ಕುಮಾರಸ್ವಾಮಿ ಬೆಟ್ಟದ ನೆತ್ತಿಗೆ ಮೋಡ ತಾಗುತ್ತದೆ. ಭೀಮಗಂಡಿ, ಓಬಳಗಂಡಿಗಳ ನಡುವೆ ನಾರಿಹಳ್ಳ ತುಂಬಿ ಹರಿಯುತ್ತದೆ. ಕ್ಯಾಮೆರಾ ಕೈಯಲ್ಲಿರುವ ಯಾರೇ ಆಗಲಿ ಆ ದಿನಗಳಲ್ಲಿ ಮನೆಯಲ್ಲಿ ಕುಳಿತಿರಲಾರರು. ಹೀಗಾಗಿ ಈ ಭಾಗದ ಹವ್ಯಾಸಿ ಛಾಯಾಗ್ರಾಹಕರನ್ನು ಅವರ ಮೆಚ್ಚಿನ ಚಿತ್ರ ಯಾವುದೆಂದು ಕೇಳಿದರೆ ಬಹುಪಾಲು ಮಂದಿ ಸೆಪ್ಟೆಂಬರಿನ ಹಸಿರನ್ನೇ ಮುಂದಿಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಬೆಟ್ಟಕ್ಕೆ ಏಪ್ರಿಲ್ ತಿಂಗಳೂ ಉಂಟು. ಆ ತಿಂಗಳಲ್ಲಿ ಅದಿರಿನ ಕೆಂಧೂಳು ರಸ್ತೆಯಂಚಿನ ಮರದ ಎಲೆಗಳ ಮೇಲೆ, ಮನೆಯ ಹಂಚಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಆ ಚಿತ್ರವನ್ನು ಮೆಚ್ಚಿನದೆಂದು ತಂದು ತೋರಿಸುವವರು ವಿರಳ. ಇಂದಿನ ಮಾತು ಈ ಎರಡು ಚಿತ್ರಗಳ ನಡುವಿನ ಅಂತರವನ್ನು ಕುರಿತದ್ದು.

ಹವ್ಯಾಸಿ ಎಂದರೆ ಅರೆಬರೆ ತಿಳಿದವನು ಎಂಬ ಅರ್ಥ ಬಳಕೆಯಲ್ಲಿ ಸೇರಿಕೊಂಡಿದೆ. ಅದು ಸರಿಯಲ್ಲ. ಹೊಟ್ಟೆಪಾಡಿಗಾಗಿ ಅಲ್ಲದೆ ಪ್ರೀತಿಗಾಗಿ ಕೆಲಸ ಮಾಡುವವನು ಹವ್ಯಾಸಿ. ಈ ನೆಲದ ಛಾಯಾಚಿತ್ರದ ಚರಿತ್ರೆ ಆರಂಭವಾಗುವುದೇ ಅಂತಹ ಒಬ್ಬನಿಂದ. ಅಲೆಕ್ಸಾಂಡರ್ ಗ್ರೀನ್‌ಲಾ ಮದರಾಸು ಸೈನ್ಯದ ಅಧಿಕಾರಿ. ಛಾಯಾಗ್ರಹಣ ಅವನ ವೃತ್ತಿಯಾಗಿರಲಿಲ್ಲ. 1856ರ ಸುಮಾರಿಗೆ ಅವನು ಭಾರಿ ಗಾತ್ರದ ಕ್ಯಾಮೆರಾವನ್ನು ಹಂಪಿಯ ಹಾಳುಗಳ ನಡುವೆ ಹೊತ್ತು ತಂದನು. ಆಗ ಫಿಲ್ಮ್ ಇರಲಿಲ್ಲ. ರಾಸಾಯನಿಕ ಲೇಪಿಸಿದ ಕಾಗದವೇ ನೆಗೆಟಿವ್. ಬಿಸಿಲಿನಲ್ಲಿ ದೀರ್ಘಕಾಲ ಕ್ಯಾಮೆರಾವನ್ನು ಅಲುಗಿಸದೆ ನಿಲ್ಲಿಸಿದರೆ ಮಾತ್ರ ಒಂದು ಚಿತ್ರ ಮೂಡುತ್ತಿತ್ತು. ಹೀಗೆ ಅವನು ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು.

ಆ ಚಿತ್ರಗಳು ಬಹುಕಾಲ ಜನರ ಕಣ್ಣಿಗೆ ಬೀಳಲಿಲ್ಲ. ಅವು ಬೆಳಕಿಗೆ ಬಂದ ಬಳಿಕ, 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕಲ್ಲು ಮಾತನಾಡತೊಡಗಿತು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ತಾವೆಲ್ಲರೂ ಕಂಡಿದ್ದೀರಿ. ಐವತ್ತು ರೂಪಾಯಿಯ ನೋಟಿನ ಮೇಲೂ ಅದು ಇದೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಆ ಹಳೆಯ ಚಿತ್ರ ಇಲ್ಲದಿದ್ದರೆ ರಥವು ಮೊದಲಿನಿಂದಲೂ ಹೀಗೆಯೇ ಇತ್ತೆಂದು ನೋಡುಗರು ನಂಬುತ್ತಿದ್ದರು. ಇಲ್ಲದ್ದನ್ನು ಇಲ್ಲವೆಂದು ಅರಿಯುವುದಕ್ಕೂ ಒಂದು ಚಿತ್ರ ಬೇಕು.

ಕಲ್ಲಿಗೆ ಸಲ್ಲುವ ಈ ಮಾತು ಬೆಟ್ಟಕ್ಕೂ ಸಲ್ಲುತ್ತದೆ. ಇಂದು ಹತ್ತು ವರ್ಷದ ಬಾಲಕನಿಗೆ ಅವನು ಹುಟ್ಟಿದಂದಿನಿಂದ ಕಂಡ ಬೆಟ್ಟವೇ ಬೆಟ್ಟ. ಅದರ ನೆತ್ತಿ ಮೆಟ್ಟಿಲುಮೆಟ್ಟಿಲಾಗಿ ಕತ್ತರಿಸಿದ್ದರೆ ಬೆಟ್ಟಗಳು ಇರುವುದೇ ಹಾಗೆ ಎಂದು ಅವನು ತಿಳಿಯುತ್ತಾನೆ. ಅವನ ಅಜ್ಜ ಕಂಡ ಸಾಲು ಅಜ್ಜನ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಅಜ್ಜನ ಹಿಂದೆ ಆ ನೆನಪೂ ಹೋಗುತ್ತದೆ. ಮದುವೆಯ ಆಲ್ಬಮ್ಮಿನಲ್ಲಿ ವಧೂವರರ ಬೆನ್ನ ಹಿಂದೆ ಅರಿವಿಲ್ಲದೆ ಸೆರೆಯಾದ ಬೆಟ್ಟದ ಅಂಚು, ಶಾಲೆಯ ವಾರ್ಷಿಕ ಚಿತ್ರದ ಹಿನ್ನೆಲೆಯ ಗುಡ್ಡ, ಇವೂ ದಾಖಲೆಗಳೇ. ತೆಗೆದವನು ಅದಕ್ಕೆಂದು ತೆಗೆದಿರಲಿಕ್ಕಿಲ್ಲ. ಕಾಲ ಅದನ್ನು ದಾಖಲೆಯಾಗಿಸುತ್ತದೆ.

ವನ್ಯಜೀವಿ ಛಾಯಾಗ್ರಹಣದ ವಿಷಯದಲ್ಲಿ ಸಂಡೂರಿಗೆ ತನ್ನದೇ ಆದ ಹೆಸರುಂಟು. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು (1931–2011) ರಾಜ್ಯದ ಅರ್ಥಸಚಿವರಾಗಿದ್ದವರು. ಜೊತೆಗೆ ಕಾಡಿನ ಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಗಾಗಿ ಅಂತರರಾಷ್ಟ್ರೀಯ ಮನ್ನಣೆ ಪಡೆದವರು. ಅವರ ಚಿತ್ರಗಳು ಮತ್ತು ಕಾಡಿನ ದಿನಚರಿ 1983ರಲ್ಲಿ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಇಂಗ್ಲಿಷ್ ಗ್ರಂಥವಾಗಿ ಹೊರಬಂದವು. ಅದೇ ಮನೆತನಕ್ಕೆ ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಾರಿಕೆಯೊಂದಿಗೆ ದಶಕಗಳ ನಂಟೂ ಇತ್ತು. ಇದನ್ನು ಯಾರನ್ನೂ ಹಳಿಯಲೆಂದು ಹೇಳುತ್ತಿಲ್ಲ. ಈ ಸೀಮೆಯಲ್ಲಿ ಕಾಡಿನ ಮೇಲಣ ಪ್ರೀತಿ ಮತ್ತು ಅದಿರಿನ ಅನ್ನ ಒಂದೇ ಮನೆಯ ಸೂರಿನಡಿ ಬದುಕಿವೆ ಎಂಬುದು ಸತ್ಯ. ಕುರೆಕುಪ್ಪದ ಮನೆಗಳಲ್ಲೂ ಅದು ಸತ್ಯವೇ. ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವ ಮಗ, ಕೆಮ್ಮುವ ತಂದೆ, ಕ್ಯಾಮೆರಾ ಹಿಡಿದ ಮಗಳು ಒಂದೇ ಮನೆಯವರಾಗಿರಬಹುದು. ಆದ್ದರಿಂದ ಇಲ್ಲಿ ಚಿತ್ರ ತೋರಿಸುವವರು ಯಾರ ಮೇಲೂ ಕೈ ತೋರಿಸಬೇಕಾಗಿಲ್ಲ. ಕಂಡದ್ದನ್ನು ಮರೆಮಾಚದಿದ್ದರೆ ಸಾಕು.

ಮರೆಮಾಚುವುದು ಎಂದರೆ ಸುಳ್ಳು ಹೇಳುವುದು ಮಾತ್ರವಲ್ಲ. ಒಂದು ಉದಾಹರಣೆಯನ್ನು ಗಮನಿಸಬಹುದು. ದರೋಜಿಯ ಕರಡಿಧಾಮ 1994ರಲ್ಲಿ ಘೋಷಣೆಯಾಯಿತು. ಅಲ್ಲಿನ ಕರಡಿಯ ಚಿತ್ರ ಈ ಭಾಗದ ಪ್ರತಿಯೊಬ್ಬ ಹವ್ಯಾಸಿಯ ಸಂಗ್ರಹದಲ್ಲೂ ಇದೆ. ಇಳಿಹೊತ್ತಿನ ಹೊಂಬಿಸಿಲು, ಬಂಡೆಯ ಮೇಲೆ ತಾಯಿ ಕರಡಿ, ಬೆನ್ನ ಮೇಲೆ ಮರಿಗಳು. ನೋಡಿದವರು ತಲೆದೂಗುವ ಚಿತ್ರವದು. ಆದರೆ ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಬೆಲ್ಲ ಮೊದಲಾದ ಸಿಹಿಯನ್ನು ಬಳಿದು ಕರಡಿಗಳನ್ನು ಬರಮಾಡಿಕೊಳ್ಳುವ ಪದ್ಧತಿ ಅಲ್ಲಿ ನಡೆದುಬಂದಿದೆ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ. ಕರಡಿಯ ಸಹಜ ಆಹಾರ ಗೆದ್ದಲು, ಇರುವೆ, ಜೇನು, ಕವಳಿ, ಬಾರೆಯಂತಹ ಕಾಡುಹಣ್ಣು. ಚಿತ್ರ ಸುಳ್ಳಲ್ಲ, ಕರಡಿಯೂ ನಿಜ. ಆದರೂ ಬೆಲ್ಲದ ಸಂಗತಿಯನ್ನು ಹೇಳದೆ ತೋರಿಸಿದರೆ ನೋಡುವ ವಿದ್ಯಾರ್ಥಿಗೆ ಕರಡಿಯ ಬದುಕು ತಪ್ಪಾಗಿ ತಿಳಿಯುತ್ತದೆ. ಚಿತ್ರದ ಕೆಳಗೆ ಒಂದು ಸಾಲು ಬರೆದರೆ ಆ ತಪ್ಪು ತಪ್ಪುತ್ತದೆ.

ಇದರಿಂದಲೇ ಚಿತ್ರಗಳನ್ನು ಹಂಚಿಕೊಳ್ಳುವ ಕೂಟಕ್ಕೆ ಬೆಲೆ. ಒಬ್ಬನೇ ಕುಳಿತು ತನ್ನ ಚಿತ್ರವನ್ನು ನೋಡಿಕೊಂಡರೆ ಅದು ಅಲಂಕಾರ. ಹತ್ತು ಜನರ ನಡುವೆ ಇಟ್ಟಾಗ ಪ್ರಶ್ನೆಗಳು ಹುಟ್ಟುತ್ತವೆ. ಇದು ಎಲ್ಲಿ, ಯಾವಾಗ, ಎಷ್ಟು ದೂರದಿಂದ, ಹಕ್ಕಿ ಹಾರಿತೇ ಇಲ್ಲವೇ, ಈ ಗಿಡದ ಹೆಸರೇನು? ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಸ್ಥೆಗಳಲ್ಲಿ ಹವ್ಯಾಸಿಗಳು ಬೆಳೆದದ್ದು ಪರಸ್ಪರರ ಚಿತ್ರಗಳನ್ನು ನೋಡಿ, ಚರ್ಚಿಸಿಯೇ. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದದ್ದಲ್ಲದೆ ಅವುಗಳ ಬದುಕನ್ನು ಕನ್ನಡದಲ್ಲಿ ಬರೆದರು. ಅದರಿಂದಾಗಿ ಹಳ್ಳಿಯ ಹುಡುಗರು ಬೇಲಿಯ ಮೇಲಿನ ಹಕ್ಕಿಯನ್ನು ಹೆಸರು ಹಿಡಿದು ಗುರುತಿಸಲು ಕಲಿತರು. ಹಕ್ಕಿಯ ಹೆಸರನ್ನು ಊರಿನ ಕುರಿಗಾಹಿಯಿಂದ ಕೇಳಿ ಚಿತ್ರದ ಕೆಳಗೆ ಬರೆಯುವ ಹವ್ಯಾಸಿ ಎರಡು ಸಂಪತ್ತುಗಳನ್ನು ಒಟ್ಟಿಗೆ ಉಳಿಸುತ್ತಾನೆ.

ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ, ಸಂಡೂರುಗಳ ಹವ್ಯಾಸಿಗಳು ಇಂತಹ ಕೆಲಸವನ್ನು ಮಾಡಿಯೂ ತೋರಿಸಿದ್ದಾರೆ. ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ ಎರೆಭೂತ ಹಕ್ಕಿ ಇನ್ನೂ ಉಳಿದಿದೆ ಎಂಬುದು ಹೊರಜಗತ್ತಿಗೆ ಮನವರಿಕೆಯಾದದ್ದರಲ್ಲಿ ಅವರ ಚಿತ್ರಗಳ ಪಾಲು ದೊಡ್ಡದು. ಹಂಪಿ-ದರೋಜಿಯ ಬಂಡೆಗುಡ್ಡಗಳಲ್ಲಿರುವ ಹಳದಿ ಕೊರಳಿನ ಪಿಕಳಾರವನ್ನು ನೋಡಲು ದೂರದೂರದಿಂದ ಜನ ಬರುವಂತಾದದ್ದರಲ್ಲೂ ಹಾಗೆಯೇ.

ಆದರೆ ಇಲ್ಲಿಯೇ ಎಚ್ಚರವೂ ಬೇಕು. ಅಪರೂಪದ ಹಕ್ಕಿಯ ಗೂಡು ಎಲ್ಲಿದೆ ಎಂಬುದನ್ನು ಚಿತ್ರದೊಂದಿಗೆ ಸಾರಿದರೆ ಮರುದಿನ ಇಪ್ಪತ್ತು ಕ್ಯಾಮೆರಾಗಳು ಅಲ್ಲಿ ನೆರೆಯುತ್ತವೆ. ತಾಯಿಹಕ್ಕಿ ಗೂಡು ಬಿಟ್ಟುಹೋದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಚಿತ್ರಕ್ಕಾಗಿ ಗೂಡಿನ ಸುತ್ತಲಿನ ಟೊಂಗೆ ಕತ್ತರಿಸಿದರೆ ಕಾಗೆಗೂ ಹಾವಿಗೂ ದಾರಿ ತೋರಿದಂತಾಗುತ್ತದೆ. ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆಂದು ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಗೂಡಿನ ಜಾಗವನ್ನು ಗುಟ್ಟಾಗಿಡಬೇಕು. ಗುಡ್ಡ ಅಗೆದ ಜಾಗವನ್ನು ಬಹಿರಂಗಪಡಿಸಬೇಕು. ಈ ಎರಡನ್ನು ಅದಲುಬದಲು ಮಾಡಬಾರದು.

ಬಹಿರಂಗಪಡಿಸಿದರೆ ಫಲವುಂಟೇ ಎಂದು ಕೇಳುವವರುಂಟು. ಈ ಜಿಲ್ಲೆಯ ಇತ್ತೀಚಿನ ಚರಿತ್ರೆಯೇ ಅದಕ್ಕೆ ಉತ್ತರ. ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಹೊರಬಿತ್ತು. ಅದೇ ತಿಂಗಳ 29ರಂದು ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಿಕ ಗುತ್ತಿಗೆಗಳ ಗಡಿಗಳನ್ನು ಅಳೆದು, ಉಪಗ್ರಹ ಚಿತ್ರಗಳನ್ನೂ ಪರಿಶೀಲಿಸಿ, ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ಅವುಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಮಾತು ಮಾತಿಗೆ ಎದುರಾದಾಗ ಜಗಳ ತೀರಲಿಲ್ಲ. ದಿನಾಂಕ ಮತ್ತು ಗಡಿ ಸಹಿತವಾದ ಚಿತ್ರ ಎದುರಾದಾಗ ತೀರಿತು.

ಮುಂದೆಯೂ ಅಂತಹ ಸಂದರ್ಭಗಳು ಬರುತ್ತವೆ. ಸಂಡೂರಿನ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಗಣಿಗಾರಿಕೆಯ ಪ್ರಸ್ತಾವ 2024ರಲ್ಲಿ ನಾಡಿನಾದ್ಯಂತ ಚರ್ಚೆಯಾಯಿತು. ಕಾಗದಪತ್ರಗಳಲ್ಲಿ ಅದು ಹೆಕ್ಟೇರ್ ಮತ್ತು ಮರಗಳ ಸಂಖ್ಯೆ. ಆ ಬೆಟ್ಟದಲ್ಲಿ ಯಾವ ತಿಂಗಳು ಯಾವ ಹೂ ಬಿಡುತ್ತದೆ, ಯಾವ ಒರತೆ ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ದಾರಿಯಲ್ಲಿ ದನ ಮೇಯಲು ಹೋಗುತ್ತವೆ ಎಂಬುದು ಸಂಖ್ಯೆಯಲ್ಲಿ ಕಾಣದು. ವರ್ಷವಿಡೀ ಅಲ್ಲಿ ಓಡಾಡುವವನ ಚಿತ್ರಗಳಲ್ಲಿ ಕಾಣುತ್ತದೆ.

ಆದ್ದರಿಂದ ಹವ್ಯಾಸಿಗಳು ರೂಢಿಸಿಕೊಳ್ಳಬಹುದಾದ ಕೆಲವು ಸರಳ ಕ್ರಮಗಳಿವೆ. ಊರಿನ ಒಂದು ಕಟ್ಟೆಯನ್ನೋ ಬಂಡೆಯನ್ನೋ ಗುರುತಿಟ್ಟುಕೊಂಡು, ಅಲ್ಲಿಯೇ ನಿಂತು, ಅದೇ ದಿಕ್ಕಿಗೆ, ಪ್ರತಿ ತಿಂಗಳೂ ಒಂದು ಚಿತ್ರ ತೆಗೆಯಬೇಕು. ವರ್ಷಕ್ಕೆ ಹನ್ನೆರಡೇ ಚಿತ್ರ; ಆದರೆ ಹತ್ತು ವರ್ಷಗಳಲ್ಲಿ ಅದು ಬೆಟ್ಟದ ಜಾತಕವಾಗುತ್ತದೆ. ಚಿತ್ರದೊಂದಿಗೆ ದಿನಾಂಕ, ಹೊತ್ತು, ನಿಂತ ಜಾಗ, ನೋಡಿದ ದಿಕ್ಕುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಅದರೊಳಗಿನ ಸಮಯ ಮತ್ತು ಸ್ಥಳದ ಮಾಹಿತಿಯೂ ಅಳಿಯುತ್ತದೆ. ಅಗತ್ಯವಿದ್ದಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು. ಮೂಲ ಪ್ರತಿಯನ್ನು ಎರಡು ಕಡೆ ಕಾಪಾಡಬೇಕು. ಇಂತಹ ಚಿತ್ರ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಬಣ್ಣ ಹೆಚ್ಚಿಸಿ, ಧೂಳು ಅಳಿಸಿ, ಮೋಡ ಅಂಟಿಸಿದ ಚಿತ್ರ ಗೋಡೆಗೆ ಚೆಂದ ಕಾಣಬಹುದು, ಸಾಕ್ಷಿ ಹೇಳಲಾರದು.

ಕುರೆಕುಪ್ಪಕ್ಕೆ ಹತ್ತಿರದ ಕುಡತಿನಿಯಲ್ಲಿ ಒಂದು ಬೂದಿದಿಬ್ಬವಿದೆ. ಸಾವಿರಾರು ವರ್ಷಗಳ ಹಿಂದೆ ಈ ನೆಲದಲ್ಲಿ ದನ ಸಾಕಿದ ಜನ ಸುಟ್ಟ ಸಗಣಿಯ ರಾಶಿ ಅದು. ಅವರ ಮಾತು ಉಳಿದಿಲ್ಲ, ಹೆಸರು ಉಳಿದಿಲ್ಲ, ದಿಬ್ಬ ಉಳಿದಿದೆ. ಅದನ್ನು ಓದಿಯೇ ವಿದ್ವಾಂಸರು ಆ ಜನರ ಬದುಕನ್ನು ಅರಿತರು. ಇಂದಿನ ತಲೆಮಾರು ಹಿಂದೆ ಬಿಡುವ ದಿಬ್ಬಗಳು ಅದಕ್ಕಿಂತ ಬಹುದೊಡ್ಡವು. ಅವು ಹೇಗೆ ಎದ್ದವು, ಅವುಗಳ ಜಾಗದಲ್ಲಿ ಮೊದಲು ಏನಿತ್ತು ಎಂಬುದನ್ನು ಮುಂದಿನವರು ಊಹಿಸಬೇಕಾದ ಸ್ಥಿತಿ ಬರಬಾರದು.

ಸೆಪ್ಟೆಂಬರಿನ ಚಿತ್ರವನ್ನು ಯಾರೂ ಬಿಡಬೇಕಾಗಿಲ್ಲ. ಉಳಿಸಬೇಕಾದದ್ದು ಏನೆಂದು ಅದು ಹೇಳುತ್ತದೆ. ಅದರ ಪಕ್ಕದಲ್ಲಿ, ಅದೇ ಜಾಗದಿಂದ ತೆಗೆದ ಏಪ್ರಿಲಿನ ಚಿತ್ರವನ್ನೂ ಇಡಬೇಕೆಂಬುದಷ್ಟೇ ವಿನಂತಿ. ಮುಂದಿನ ಬಾರಿ ಸೇರುವಾಗ ಪ್ರತಿಯೊಬ್ಬರೂ ಜೋಡಿಚಿತ್ರ ತರಲಿ. ಚಿತ್ರ ತೆಗೆಯದವರು ಮನೆಯ ಹಳೆಯ ಆಲ್ಬಮ್ ತೆಗೆದು, ಹಿನ್ನೆಲೆಯಲ್ಲಿ ಬೆಟ್ಟ ಕಾಣುವ ಒಂದು ಪಟವನ್ನು ತರಲಿ. ಅದನ್ನು ನೋಡುತ್ತ ಹಿರಿಯರು ಒಂದು ಮಾತು ಹೇಳಲಿ, ಕಿರಿಯರು ಅದನ್ನು ಬರೆದುಕೊಳ್ಳಲಿ.