ಕಾಗುಣಿತ ತಪ್ಪಿದ ಡೈರಿ, ಕಳೆದುಹೋದ ಮೂಕಿ ಚಿತ್ರ

‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಅಂದ ತಕ್ಷಣ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮರ್ಲಿನ್ ಮನ್ರೋ, ಗುಲಾಬಿ ಗೌನು, ವಜ್ರದ ಹಾಡು. ಅದು 1953ರದು, ಬ್ರಾಡ್‌ವೇ ಸಂಗೀತ ನಾಟಕದಿಂದ ಬಂದದ್ದು. ಅದಕ್ಕೂ 25 ವರ್ಷ ಮೊದಲೇ, 1928ರಲ್ಲಿ, ಪ್ಯಾರಾಮೌಂಟ್ ಇದೇ ಕಥೆಯನ್ನು ಮೂಕಿ ಚಿತ್ರ ಮಾಡಿತ್ತು. ಲೊರೆಲೈ ಆಗಿ ರೂತ್ ಟೇಲರ್, ಗೆಳತಿ ಡೊರೊತಿಯಾಗಿ ಆಲಿಸ್ ವೈಟ್, ನಿರ್ದೇಶನ ಮಾಲ್ಕಮ್ ಸೇಂಟ್ ಕ್ಲೇರ್ ಅವರದು. ಆ ಚಿತ್ರದ ಒಂದೇ ಒಂದು ಪ್ರಿಂಟೂ ಇವತ್ತು ಪತ್ತೆಯಿಲ್ಲ.

ಹೋದರೆ ಹೋಯ್ತು, ಮನ್ರೋ ಚಿತ್ರ ಇದೆಯಲ್ಲ ಅಂತೀರಾ? ಸ್ವಲ್ಪ ತಾಳಿ.

ಅನಿತಾ ಲೂಸ್ 1925ರಲ್ಲಿ ಬರೆದ ಕಾದಂಬರಿ ಇರೋದು ಲೊರೆಲೈಯ ಡೈರಿ ರೂಪದಲ್ಲಿ. ಬಟನ್ ವ್ಯಾಪಾರದ ಶ್ರೀಮಂತನೊಬ್ಬ ಇವಳಿಗೆ ‘ವಿದ್ಯೆ’ ಬರಲಿ ಅಂತ ಯುರೋಪಿಗೆ ಕಳಿಸ್ತಾನೆ. ಎಷ್ಟು ವಿದ್ಯೆ ಬಂತು ಅನ್ನೋದು ಕಾಗುಣಿತದಲ್ಲೇ ಗೊತ್ತಾಗತ್ತೆ! ಐಫೆಲ್ ಟವರ್ ಹೆಸರನ್ನು ಅವಳು ಬರೆಯೋ ರೀತಿಗೆ ‘ಕಣ್ತುಂಬುವ ಗೋಪುರ’ ಅನ್ನೋ ಅರ್ಥ ಬಂದುಬಿಡತ್ತೆ. ವಿಯೆನ್ನಾದಲ್ಲಿ ಫ್ರಾಯ್ಡ್ ಅವರನ್ನೂ ನೋಡ್ತಾಳೆ. ಮನಸ್ಸಿಗೆ ಒಂದಿಷ್ಟು ಅಂಕೆ ಬೆಳೆಸಿಕೋ, ನಿದ್ದೆ ಮಾಡು ಅಂತ ಅವರ ಸಲಹೆ. ಇದೆಲ್ಲ ನಗು ತರಿಸತ್ತೆ ಅನ್ನೋದು ಡೈರಿ ಬರೆಯೋಳಿಗೇ ಗೊತ್ತಿಲ್ಲ.

ಈ ನಗುವನ್ನು ಟಾಕಿ ಹಿಡಿಯೋದು ಕಷ್ಟ. ತಪ್ಪು ಕಾಗುಣಿತ ಕಿವಿಗೆ ಕೇಳಿಸಲ್ಲ, ಕಣ್ಣಿಗೆ ಕಾಣಬೇಕು. ಮೂಕಿಯಲ್ಲಾದರೆ ಪರದೆ ಮೇಲೆ ಅಕ್ಷರ ಬರ್ತಿತ್ತು, ಪ್ರೇಕ್ಷಕರು ಓದ್ತಿದ್ದರು. ಆ ಟೈಟಲ್ ಕಾರ್ಡ್‌ಗಳನ್ನು ಬರೆದದ್ದು ಸ್ವತಃ ಲೂಸ್ ಮತ್ತು ಹರ್ಮನ್ ಮ್ಯಾಂಕಿವಿಟ್ಜ್. ಮ್ಯಾಂಕಿವಿಟ್ಜ್ ಮುಂದೆ ‘ಸಿಟಿಜನ್ ಕೇನ್’ ಬರೆದವರಲ್ಲೊಬ್ಬರು. ಲೂಸ್ ಅಂತೂ ಗ್ರಿಫಿತ್ ಅವರ ‘ಇಂಟಾಲರೆನ್ಸ್’ಗೆ, ಡಗ್ಲಸ್ ಫೇರ್‌ಬ್ಯಾಂಕ್ಸ್ ಚಿತ್ರಗಳಿಗೆ ಕಾರ್ಡ್ ಬರೆದೇ ಹೆಸರಾದವರು. ಅಂದರೆ ಕಾದಂಬರಿ ಬರೆದ ಕೈಯೇ ಪರದೆ ಮೇಲೂ ಬರೆದಿತ್ತು. ನನ್ನ ಪ್ರಕಾರ ದೊಡ್ಡ ನಷ್ಟ ಇದೇ.

ಉಳಿದದ್ದು ಹಳೇ ಕಥೆ. ನೈಟ್ರೇಟ್ ರೀಲಿಗೆ ಬೇಗ ಬೆಂಕಿ ಹತ್ತತ್ತೆ, ಇಲ್ಲದಿದ್ದರೆ ಡಬ್ಬಿಯಲ್ಲೇ ಕೊಳೆಯತ್ತೆ. ಟಾಕಿ ಬಂದಮೇಲೆ ಮೂಕಿ ಪ್ರಿಂಟ್ ಯಾರಿಗೆ ಬೇಕು? ಲೈಬ್ರರಿ ಆಫ್ ಕಾಂಗ್ರೆಸ್‌ನ 2013ರ ವರದಿ ಪ್ರಕಾರ ಅಮೆರಿಕದ ಸುಮಾರು 10,900 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರೋದು ಶೇ. 14 ಮಾತ್ರ.

ಸ್ಟಿಲ್ ಫೋಟೊಗಳಿವೆ. ಅದರಲ್ಲಿ ನಟಿಯರ ಮುಖ ಕಾಣತ್ತೆ, ಡೈರಿ ಕಾಣಲ್ಲ. ಎಲ್ಲಾದರೂ ಒಂದು ಡಬ್ಬಿ ಸಿಕ್ಕಿತು ಅಂದರೆ ನಾನಂತೂ ಮೊದಲು ನೋಡೋದು ಕಾರ್ಡ್‌ಗಳನ್ನೇ: ಲೊರೆಲೈಯ ತಪ್ಪುಗಳನ್ನು ಹಾಗೇ ಬಿಟ್ಟಿದ್ದರೋ, ಸ್ಟುಡಿಯೋದವರು ಯಾರಾದರೂ ತಿದ್ದಿಬಿಟ್ಟಿದ್ದರೋ ಅಂತ.