ನೋವಿಗೂ ಒಂದು ಕೆಲಸ



ಮನೆಯಲ್ಲಿ ಯಾರಾದರೂ ದೊಡ್ಡ ಕಾಯಿಲೆ ಬಿದ್ದರೆ, ಇಲ್ಲವೇ ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡರೆ, ನೋಡಲು ಬಂದ ನೆಂಟರಿಷ್ಟರು ಒಂದು ಮಾತು ಹೇಳದೆ ಹೋಗುವುದಿಲ್ಲ. ಕನ್ನಡದಲ್ಲಿ ಅದು ‘ಹಣೆಬರಹ’. ತೆಲುಗಿನಲ್ಲಿ ‘ತಲರಾತ’, ತಮಿಳಿನಲ್ಲಿ ‘ತಲೆಯೆಳುತ್ತು’, ಮರಾಠಿಯಲ್ಲಿ ‘ನಶೀಬ’, ಮಲಯಾಳದಲ್ಲಿ ‘ತಲವಿಧಿ’. ಗಡಿಯಲ್ಲಿರುವ ನಾವು ಆ ಒಂದೇ ಮಾತನ್ನು ಎರಡೆರಡು ಭಾಷೆಯಲ್ಲಿ ಕೇಳಿಸಿಕೊಳ್ಳಬೇಕು. ಬಾಯಿ ಸ್ವಲ್ಪ ಜೋರಿನವರಾದರೆ ‘ಮಾಡಿದ್ದುಣ್ಣೋ ಮಹರಾಯ’ ಎಂದೂ ಅಂದುಬಿಡುತ್ತಾರೆ. ಕ್ರೈಸ್ತರ ಮನೆಗಳಲ್ಲಿ ಮಾತು ಬೇರೆ, ಅರ್ಥ ಮಾತ್ರ ಅದೇ. ‘ಏನೋ ಪಾಪ ಮಾಡಿರಬೇಕು’, ‘ವಿಶ್ವಾಸ ಸಾಲದು, ಅದಕ್ಕೇ ಗುಣವಾಗಿಲ್ಲ’ ಎನ್ನುತ್ತಾರೆ. ಮಲಗಿದವರಿಗೆ ಕಾಯಿಲೆಯ ನೋವು ಒಂದಾದರೆ, ಈ ಮಾತಿನ ನೋವು ಅದರ ಮೇಲೆ ಇನ್ನೊಂದು.

ಯೇಸುವಿನ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಯೋಹಾನನು ಬರೆದ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಆ ಪ್ರಸಂಗವಿದೆ. ದಾರಿಯಲ್ಲಿ ಒಬ್ಬ ಹುಟ್ಟುಕುರುಡ. ಶಿಷ್ಯರು ಕೇಳುತ್ತಾರೆ: ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣ, ಇವನದೋ, ಇವನ ತಂದೆತಾಯಿಯದೋ? ಇವನದೂ ಅಲ್ಲ, ಅವರದೂ ಅಲ್ಲ ಎಂದು ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಹಿಂದೆ ಏನಾಯಿತೆಂದು ಕೆದಕದೆ, ಇವನಲ್ಲಿ ದೇವರ ಕೆಲಸ ಕಾಣಬೇಕು, ಹಗಲಿರುವಾಗಲೇ ಆ ಕೆಲಸ ಆಗಬೇಕು ಎಂದು ಹೇಳಿ ನೆಲದ ಮೇಲೆ ಉಗುಳಿ, ಕೆಸರು ಮಾಡಿ, ಆ ಕಣ್ಣಿಗೆ ಹಚ್ಚುತ್ತಾನೆ. ಶಿಷ್ಯರು ಹಿಂದಕ್ಕೆ ನೋಡಿ ಕೇಳಿದ ಪ್ರಶ್ನೆಗೆ ಅವನು ಮುಂದಕ್ಕೆ ನೋಡಿ ಉತ್ತರಿಸಿದ. ‘ಯಾಕೆ ಬಂತು’ ಎಂಬುದರ ಜಾಗದಲ್ಲಿ ‘ಇನ್ನು ಏನು ಮಾಡೋಣ’ ಎಂಬುದು ಬಂತು.

ಮಾತಿನಲ್ಲಿ ಇದು ಸುಲಭ. ಬದುಕಿನಲ್ಲಿ ಆಗುವಂಥದೇ? ಆಗುತ್ತದೆ ಎಂದು ತೋರಿಸಿಕೊಟ್ಟ ಒಬ್ಬ ಹೆಣ್ಣುಮಗಳ ಕಥೆಯನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ. ದೂರದ ಊರಿನದಲ್ಲ, ನಮ್ಮ ಪಕ್ಕದ ವೆಲ್ಲೂರಿನದು. ಹೊಸೂರಿನವರಿಗೆ ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು ದಾಟಿದರೆ ವೆಲ್ಲೂರು. ರೈಲಿನಲ್ಲಿ ಹೋಗುವವರು ಕಾಟ್ಪಾಡಿಯಲ್ಲಿ ಇಳಿಯುತ್ತಾರೆ. ಊರಿನ ಡಾಕ್ಟರರು ಕೈಚೆಲ್ಲಿದಾಗ ‘ವೆಲ್ಲೂರಿಗೆ ಒಯ್ಯಿರಿ’ ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಎಷ್ಟೋ ಜನ ಕೇಳಿರುತ್ತೀರಿ.

ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1900ರಲ್ಲಿ ಡಾಕ್ಟರ್ ಐಡಾ ಸ್ಕಡರ್ ಎಂಬ ಮಹಿಳೆ ಒಂದೇ ಒಂದು ಹಾಸಿಗೆಯಿಂದ ಆರಂಭಿಸಿದ ಚಿಕಿತ್ಸಾಲಯದಿಂದ ಬೆಳೆದದ್ದು. 1918ರಲ್ಲಿ ಆಕೆ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ಅದೇ ಮುಂದೆ ಕಾಲೇಜಾಯಿತು. ಕೇರಳದ ಕೊಚ್ಚಿಯ ಹತ್ತಿರದ ಚೆರಾಯಿಯಲ್ಲಿ 1925ರಲ್ಲಿ ಹುಟ್ಟಿದ ಮೇರಿ ವರ್ಗೀಸ್ ಅಲ್ಲಿ ಓದಿ ಡಾಕ್ಟರಾದರು. ಹೆರಿಗೆ ಮತ್ತು ಸ್ತ್ರೀರೋಗಗಳ ತಜ್ಞೆಯಾಗಬೇಕೆಂಬುದು ಅವರ ಆಸೆ. ಅದರ ತರಬೇತಿಯೂ ನಡೆದಿತ್ತು.

1954ರ ಜನವರಿಯಲ್ಲಿ ಜೊತೆಯ ಯುವ ವೈದ್ಯರೊಂದಿಗೆ ಅವರು ಹೊರಟಿದ್ದ ವಾಹನ ರಸ್ತೆಯಲ್ಲಿ ಉರುಳಿಬಿತ್ತು. ಮೇರಿಯವರ ಮುಖ ಸೀಳಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಹೋಯಿತು. ಇನ್ನೂ 30 ತುಂಬದ ವಯಸ್ಸು. ಕಾಲುಗಳು ಇವೆ, ಆದರೆ ಚುಚ್ಚಿದರೂ ಗೊತ್ತಾಗುವುದಿಲ್ಲ. ತಾವಾಗಿ ಹೊರಳಲೂ ಆಗದು. ಸ್ವತಃ ಡಾಕ್ಟರಾದ್ದರಿಂದ ಇದು ಮತ್ತೆ ಸರಿಹೋಗುವಂಥದಲ್ಲ ಎಂಬುದೂ ಅವರಿಗೆ ತಿಳಿದಿತ್ತು.

ಆ ಆಸ್ಪತ್ರೆಯಲ್ಲಿ ಆಗ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರಿದ್ದರು. ತಮಿಳುನಾಡಿನಲ್ಲಿ 1914ರಲ್ಲಿ ಹುಟ್ಟಿದ ಇಂಗ್ಲಿಷರ ಮಗ. ಅವರು ಹಿಡಿದದ್ದು ಆ ಕಾಲದಲ್ಲಿ ಹೆಚ್ಚಿನ ಶಸ್ತ್ರವೈದ್ಯರು ಮುಟ್ಟಲು ಒಪ್ಪದ ಕೆಲಸವನ್ನು, ಕುಷ್ಠರೋಗಿಗಳ ಕೈಯನ್ನು. ಈ ಡಾಕ್ಟರರು ಕಂಡುಕೊಂಡ ಒಂದು ಸಂಗತಿಯನ್ನು ತಿಳಿಯದೆ ಮೇರಿಯವರ ಕಥೆ ಮುಂದೆ ಅರ್ಥವಾಗುವುದಿಲ್ಲ.

ಕುಷ್ಠರೋಗದಲ್ಲಿ ಬೆರಳುಗಳು ಕೊಳೆತು ಉದುರುತ್ತವೆ ಎಂದು ಜನ ತಿಳಿದಿದ್ದರು. ಹಾಗಲ್ಲವೆಂದು ಬ್ರ್ಯಾಂಡ್ ತೋರಿಸಿದರು. ರೋಗಾಣು ಕೆಡಿಸುವುದು ನರಗಳನ್ನು. ನರ ಸತ್ತಮೇಲೆ ಕೈಗೆ ನೋವೇ ಗೊತ್ತಾಗುವುದಿಲ್ಲ. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಾರೆ. ಕಾಲಿಗೆ ಮುಳ್ಳು ಚುಚ್ಚಿದ್ದರೂ ಅದರ ಮೇಲೆಯೇ ನಡೆಯುತ್ತಾರೆ. ಗಾಯ ಹುಣ್ಣಾಗಿ, ಹುಣ್ಣು ಎಲುಬಿಗಿಳಿದು ಬೆರಳು ಸವೆಯುತ್ತದೆ. ಕೆಲವರು ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಬೆರಳಿನ ತುದಿಯೇ ಇರುತ್ತಿರಲಿಲ್ಲ. ಕಾದು ನೋಡಿದಾಗ ಇಲಿಗಳು ಕಡಿಯುತ್ತಿದ್ದವು ಎಂದು ತಿಳಿಯಿತು. ನೋವಿಲ್ಲದ್ದರಿಂದ ಎಚ್ಚರವೂ ಆಗುತ್ತಿರಲಿಲ್ಲ.

ಹಾಗಾದರೆ ನೋವೆಂಬುದು ಏನು? ಮನೆಯ ಮುಂದಿನ ನಾಯಿಯಂತೆ. ರಾತ್ರಿ ಬೊಗಳಿದರೆ ನಿದ್ದೆ ಕೆಡುತ್ತದೆ, ನಾವು ಬೈಯುತ್ತೇವೆ. ನಾಯಿಯೇ ಇಲ್ಲದ ಮನೆಗೆ ಕಳ್ಳ ಬಂದದ್ದು ಬೆಳಗಾದ ಮೇಲೆಯೇ ಗೊತ್ತು. ನೋವು ಬೇಡವೇ ಬೇಡ ಎಂದು ಪ್ರಾರ್ಥಿಸುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು.

ಮಲಗಿದ್ದ ಮೇರಿಯವರ ಬಳಿಗೆ ಬಂದು ಬ್ರ್ಯಾಂಡ್ ಒಂದು ದಿನ ಮಾತು ತೆಗೆದರು: ಇನ್ನು ಡಾಕ್ಟರಾಗಿ ಮುಂದೇನು ಮಾಡುತ್ತೀರಿ, ಯೋಚಿಸಲು ಹೊತ್ತಾಯಿತಲ್ಲವೇ? ಮೇರಿಯವರಿಗೆ ಮೊದಲು ಇದು ತಮಾಷೆಯೆನಿಸಿತು. ಹೊರಳಲು ಇನ್ನೊಬ್ಬರ ಕೈ ಬೇಕಾದವಳು ಯಾರಿಗೆ ಏನು ಮಾಡಬಲ್ಲಳು? ಆದರೆ ಬ್ರ್ಯಾಂಡ್ ಲೆಕ್ಕ ಬೇರೆ. ಕೈಯ ಆಪರೇಷನ್ನನ್ನು ಕುಳಿತೇ ಮಾಡಬಹುದು. ನಿಂತವರಿಗೂ ಕುಳಿತವರಿಗೂ ಅದರಲ್ಲಿ ವ್ಯತ್ಯಾಸವಿಲ್ಲ.

ಆ ಆಪರೇಷನ್ ಎಂಥದು? ಕುಷ್ಠದಲ್ಲಿ ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತವೆ. ತುತ್ತು ಎತ್ತಲೂ ಆಗದು. ಆದರೆ ಮುಂಗೈಯಲ್ಲಿ ಕೆಲವು ಸ್ನಾಯುಗಳು ಚೆನ್ನಾಗಿಯೇ ಇರುತ್ತವೆ. ಅಂಥ ಒಂದು ಸ್ನಾಯುವಿನ ಎಳೆಯನ್ನು ಬಿಡಿಸಿ ತಂದು ಕೆಲಸ ಬಿಟ್ಟ ಬೆರಳಿಗೆ ಜೋಡಿಸುತ್ತಾರೆ. ಗಾಯ ಮಾಗಿದ ಮೇಲೆ ರೋಗಿ ಆ ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕು. ಮಡಚಿದ ಬೆರಳು ಮತ್ತೆ ನೀಳವಾಗುತ್ತದೆ, ಕೈ ಹಿಡಿಯುತ್ತದೆ. ಸತ್ತದ್ದನ್ನು ಬದುಕಿಸುವ ಕೆಲಸವಲ್ಲ ಇದು. ಉಳಿದದ್ದನ್ನು ಎತ್ತಿ ಅಗತ್ಯವಿರುವ ಕಡೆ ಕೂಡಿಸುವ ಕೆಲಸ.

ಗಾಲಿಕುರ್ಚಿಯಲ್ಲಿ ಕುಳಿತು ಮೇರಿ ವರ್ಗೀಸ್ ಈ ಆಪರೇಷನ್ನುಗಳನ್ನು ಮಾಡಲು ಕಲಿತರು, ಮಾಡಿದರು. ಆ ಕೋಣೆಯ ಚಿತ್ರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮೇಜಿನ ಮೇಲೆ ಸ್ಪರ್ಶ ಕಳೆದುಕೊಂಡ ಕೈ. ಅದನ್ನು ಸರಿಮಾಡುತ್ತಿರುವವರು ಸ್ಪರ್ಶ ಕಳೆದುಕೊಂಡ ಕಾಲಿನವರು. ರೋಗಿಯ ಮುಖದ ಮೇಲೆ ಕಾಯಿಲೆಯ ಗುರುತು, ಡಾಕ್ಟರ ಮುಖದ ಮೇಲೆ ಅಪಘಾತದ ಗುರುತು. ಊರಿನಿಂದ ಹೊರಗೆ ಹಾಕಿಸಿಕೊಂಡು ಬಂದ ಮನುಷ್ಯನಿಗೆ ಎದ್ದು ಓಡಾಡುವ ಡಾಕ್ಟರು ನೂರು ಸಲ ಹೇಳಿದರೂ ಬಾರದ ಧೈರ್ಯ, ಗಾಲಿಕುರ್ಚಿ ಉರುಳಿಸಿಕೊಂಡು ಬರುವ ಈ ಡಾಕ್ಟರನ್ನು ನೋಡಿದರೇ ಬರುವಂತಿತ್ತು. ಅವರ ಅಪಘಾತವೇ ಇಲ್ಲಿ ಉಪಕರಣವಾಯಿತು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಹೋಗಿ ತಮ್ಮಂಥವರು ಸ್ವಂತ ಬಲದಿಂದ ಬದುಕುವ ಬಗೆ ಕಲಿತರು. ಅಲ್ಲಿಂದ ಮುಂದೆ ನ್ಯೂಯಾರ್ಕಿನಲ್ಲಿ ಅಂಗವಿಕಲರ ಪುನಶ್ಚೇತನವನ್ನೇ ವಿಶೇಷವಾಗಿ ಓದಿ, 1960ರ ದಶಕದ ಆರಂಭದಲ್ಲಿ ವೆಲ್ಲೂರಿಗೆ ಮರಳಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಅಲ್ಲಿ ಒಳರೋಗಿಗಳಿಗಾಗಿಯೇ ಪುನಶ್ಚೇತನ ಸಂಸ್ಥೆ ಆರಂಭವಾಯಿತು. ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. ಬೆನ್ನುಹುರಿ ಮುರಿದವರು ಅಲ್ಲಿ ಹಾಸಿಗೆಯಿಂದ ಕುರ್ಚಿಗೆ ಜಾರುವುದು, ಬಟ್ಟೆ ತೊಡುವುದು, ಕಸುಬು ಮಾಡುವುದು ಎಲ್ಲವನ್ನೂ ಹೊಸದಾಗಿ ಕಲಿತು ಊರಿಗೆ ಹೋಗುತ್ತಾರೆ. 1972ರಲ್ಲಿ ಭಾರತ ಸರ್ಕಾರ ಮೇರಿಯವರಿಗೆ ಪದ್ಮಶ್ರೀ ಕೊಟ್ಟಿತು. 1986ರಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಅವರು ಎದ್ದು ನಡೆಯಲಿಲ್ಲ.

ಈ ಕೊನೆಯ ಮಾತನ್ನು ನಾನು ಬೇಕೆಂದೇ ಹೇಳಿದೆ. ಕಾಯಿಲೆ ಹೋಗುವುದು ಒಂದು, ಮನುಷ್ಯ ಗುಣವಾಗುವುದು ಇನ್ನೊಂದು. ಮೇರಿಯವರ ಕಾಲಿಗೆ ಸ್ವಾಧೀನ ಬರಲಿಲ್ಲ. ಆದರೆ ಅವರು ಗುಣವಾಗಲಿಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಅಪೊಸ್ತಲ ಪೌಲನಿಗೂ ದೇಹದಲ್ಲಿ ಒಂದು ಬೇನೆಯಿತ್ತು. ಅದನ್ನವನು ಮುಳ್ಳು ಎಂದು ಕರೆದ. ತೆಗೆದುಬಿಡೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಹೊರುವ ಬಲ ಮಾತ್ರ ಸಿಕ್ಕಿತು. ಪುನರುತ್ಥಾನವಾದ ಯೇಸುವಿನ ಕೈಯಲ್ಲಿ ಕೂಡ ಮೊಳೆಯ ಗಾಯದ ಗುರುತು ಅಳಿಸಿರಲಿಲ್ಲ. ಆ ಗುರುತನ್ನು ನೋಡಿಯೇ ಸಂಶಯಪಟ್ಟ ತೋಮನಿಗೆ ನಂಬಿಕೆ ಬಂತು. ಕ್ರೈಸ್ತ ನಂಬಿಕೆಯಲ್ಲಿ ಗಾಯದ ಕಲೆಗೆ ನಾಚಬೇಕಿಲ್ಲ.

ಇಲ್ಲಿ ಎಚ್ಚರದ ಮಾತನ್ನೂ ಸೇರಿಸುತ್ತೇನೆ. ನೋವು ಒಳ್ಳೆಯದು, ದೇವರೇ ಕಳಿಸಿದ ಉಡುಗೊರೆ, ಸುಮ್ಮನೆ ಅನುಭವಿಸು ಎಂದು ಯಾರಿಗೂ ಹೇಳಬೇಡಿ. ಯೇಸು ತನ್ನ ಮಿತ್ರ ಲಾಜರನ ಸಮಾಧಿಯ ಬಳಿ ಅತ್ತ. ತನ್ನ ಸಾವಿನ ಹಿಂದಿನ ರಾತ್ರಿ, ಸಾಧ್ಯವಾದರೆ ಇದು ನನ್ನಿಂದ ದೂರವಾಗಲೆಂದು ಪ್ರಾರ್ಥಿಸಿದ. ಹಾಗಾಗಿ ಅಳುವವರಿಗೆ ವಿಶ್ವಾಸವಿಲ್ಲವೆಂದು ತೀರ್ಪು ಕೊಡಲು ನಮಗೆ ಹಕ್ಕಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ಔಷಧಿ ಬಿಡಿಸುವುದೂ ತಪ್ಪು. ಮೇರಿಯವರಂಥ ಡಾಕ್ಟರರ ಪಾಲಿಗೆ ಆಪರೇಷನ್ನಿನ ಕೋಣೆಯೂ ಪ್ರಾರ್ಥನೆಯ ಸ್ಥಳವೇ ಆಗಿತ್ತು. ಹಳೆಯ ಒಡಂಬಡಿಕೆಯ ಯೋಬನ ಕಥೆ ನಿಮಗೆ ಗೊತ್ತಿರಬಹುದು. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಬಳಿ ಅವನ ಮಿತ್ರರು ಏಳು ದಿನ ಏಳು ರಾತ್ರಿ ಮಾತಾಡದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟು ಪಾಪಪುಣ್ಯದ ಲೆಕ್ಕ ತೆಗೆದ ಮೇಲೆ ಎಲ್ಲ ಕೆಟ್ಟಿತು.

ಹಾಗಾದರೆ ನಾವು ಏನು ಮಾಡಬಹುದು? ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹೊರಳಲಾರದೆ ಮಲಗಿದವರಿದ್ದರೆ, ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಿ. ಬೆನ್ನು, ಸೊಂಟ, ಹಿಮ್ಮಡಿಯ ಚರ್ಮ ಕೆಂಪಗಾಗಿದೆಯೇ ಎಂದು ದಿನವೂ ನೋಡಿ. ಅವರಿಗೆ ನೋವು ಗೊತ್ತಾಗುವುದಿಲ್ಲ. ಅವರ ಪರವಾಗಿ ನಿಮ್ಮ ಕಣ್ಣು ಆ ಕೆಲಸ ಮಾಡಬೇಕು. ಮೈಮೇಲೆ ಬಿಳಿಚಿದ ಅಥವಾ ಕೆಂಪಗಿನ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡರೆ ಮುಚ್ಚಿಡದೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದು ಕುಷ್ಠವಾಗಿದ್ದರೆ ಆರು ತಿಂಗಳೋ ಒಂದು ವರ್ಷವೋ ಮಾತ್ರೆ ತೆಗೆದುಕೊಂಡರೆ ಗುಣವಾಗುತ್ತದೆ. ಮಾತ್ರೆಗೆ ಹಣವಿಲ್ಲ. ಬೇಗ ಹೋದರೆ ಬೆರಳು ಮಡಚುವುದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕುಷ್ಠದಿಂದ ಗುಣವಾದವರೂ ಸೇರಿದ್ದಾರೆ. ನೀವು ಯಾವ ರಾಜ್ಯದಲ್ಲಿದ್ದರೂ ಆ ಕಾಯ್ದೆ ನಿಮ್ಮದೇ.

ಇನ್ನೊಂದು ಮುಖ್ಯ ಮಾತು. ಮಲಗಿದವರಿಗೆ ಅನ್ನ, ಔಷಧಿ ಕೊಟ್ಟರೆ ಸಾಲದು, ಕೆಲಸವನ್ನೂ ಕೊಡಿ. ಮಕ್ಕಳ ಪಾಠ ಒಪ್ಪಿಸಿಕೊಳ್ಳುವುದು, ಹಾಲಿನ ಲೆಕ್ಕ ಬರೆಯುವುದು, ಹೂ ಕಟ್ಟುವುದು, ನೆರೆಮನೆಯವರಿಗೆ ಅರ್ಜಿ ಬರೆದುಕೊಡುವುದು, ಏನಾದರೂ ಸರಿ. ಮನೆಯ ತೀರ್ಮಾನಗಳಲ್ಲಿ ಅವರನ್ನು ಕೇಳಿ. ಬ್ರ್ಯಾಂಡ್ ಆ ದಿನ ಮೇರಿಯವರಿಗೆ ಅಯ್ಯೋ ಪಾಪ ಎನ್ನದೆ, ಮುಂದೆ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಆ ಪ್ರಶ್ನೆಯಿಂದಲೇ ಉಳಿದದ್ದೆಲ್ಲ ಹುಟ್ಟಿತು.

ದೇಹದ ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳೂ ನೋಯುತ್ತವೆ ಎಂಬ ಅರ್ಥದ ಮಾತನ್ನು ಪೌಲನು ಕೊರಿಂಥದವರಿಗೆ ಬರೆದ. ಊರಿಗೂ ಇದು ಹೊಂದುತ್ತದೆ. ಒಬ್ಬರ ನೋವು ಇನ್ನೊಬ್ಬರಿಗೆ ತಾಗದ ಊರಿಗೆ ಜೋಮು ಹಿಡಿದಿದೆಯೆಂದೇ ಅರ್ಥ. ಅಲ್ಲಿ ಗಾಯ ದೊಡ್ಡದಾಗುವವರೆಗೂ ಯಾರಿಗೂ ತಿಳಿಯುವುದಿಲ್ಲ. ಈ ವಾರ ನೀವು ಯಾರನ್ನಾದರೂ ನೋಡಲು ಹೋಗುವವರಿದ್ದರೆ ಹಣೆಬರಹದ ಮಾತು ಬಿಟ್ಟು, ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಆಮೇಲೆ ಅವರಿಗೆ ಏನು ಬೇಕು ಎಂದು ಕೇಳಿ, ಅವರು ನಿಮಗೆ ಏನು ಮಾಡಿಕೊಡಬಲ್ಲರು ಎಂಬುದನ್ನೂ ಕೇಳಿ.