ಮೇಕೆ ಹಾಲಿನ ಕಮಟು ವಾಸನೆ ಮತ್ತು ಕರೆಯುವ ಯಂತ್ರ

(ಹಾಲಿನ ಮೇಕೆ ಸಾಕುವವರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಸಾನೆನ್, ಆಲ್ಪೈನ್‌ನಂತಹ ಹಾಲಿನ ತಳಿಗಳನ್ನು ಇಪ್ಪತ್ತು ಮೂವತ್ತರ ಸಂಖ್ಯೆಯಲ್ಲಿ ಸಾಕಿದರೆ ಕೈಯಿಂದ ಕರೆದು ಪೂರೈಸುವುದು ಕಷ್ಟ; ಯಂತ್ರ ಬೇಕಾಗುತ್ತದೆ. ಯಂತ್ರ ಬಂದ ಮೇಲೆ ಹಾಲು ಕಮಟು ವಾಸನೆ ಹೊಡೆಯುತ್ತದೆಂದು ಕೊಳ್ಳುವವರು ಹಿಂದಕ್ಕೆ ಕಳಿಸಿದರೆ ನಾವು ಮೊದಲು ಬೈಯುವುದು ಹೋತವನ್ನು, ಆಮೇಲೆ ಮೇವನ್ನು. ಹೋತವನ್ನು ಕರೆಯುವ ಜಾಗದಿಂದ ದೂರ ಕಟ್ಟುವುದು ಸರಿಯೇ. ಆದರೆ ಯಂತ್ರದ ಜೋಡಣೆಯನ್ನು ನೋಡುವವರು ಕಡಿಮೆ.

ಹಾಲಿನ ಜಿಡ್ಡು ಸಣ್ಣ ಸಣ್ಣ ಕಣಗಳಾಗಿದ್ದು, ಪ್ರತಿ ಕಣಕ್ಕೂ ತೆಳುವಾದ ಪೊರೆಯಿರುತ್ತದೆ. ಹಾಲಿನಲ್ಲಿಯೇ ಲೈಪೇಸ್ ಎಂಬ ಕಿಣ್ವವೂ ಇದೆ. ಪೊರೆ ಒಡೆದರೆ ಕಿಣ್ವವು ಜಿಡ್ಡನ್ನು ಮುರಿದು ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಆಮ್ಲಗಳನ್ನು ಬಿಡಿಸುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಪ್ರಾ ಎಂದರೆ ಮೇಕೆ, ಹೆಸರಿನಲ್ಲೇ ವಾಸನೆಯಿದೆ! ಹಾಲನ್ನು ಕಾಯಿಸಿದರೆ ಕಿಣ್ವ ಸಾಯುತ್ತದೆ, ಆದರೆ ಆಗಲೇ ಬಿಡುಗಡೆಯಾದ ಆಮ್ಲ ಹೋಗುವುದಿಲ್ಲ. ಈ ಪೊರೆಯನ್ನು ಒಡೆಯುವುದು ಗಾಳಿ, ನೊರೆ ಮತ್ತು ಕುಲುಕಾಟ. ಇವು ಮೂರೂ ಯಂತ್ರದಲ್ಲಿ ಹುಟ್ಟಬಲ್ಲವು.

ಬಟ್ಟಲನ್ನು ಮೊಲೆತೊಟ್ಟಿಗೆ ಹಾಕುವಾಗ ರಬ್ಬರು ಕೊಳವೆಯನ್ನು ಮಡಚಿ ಹಿಡಿಯದಿದ್ದರೆ ಗಾಳಿ ನುಗ್ಗುತ್ತದೆ. ಸೀಳಿದ ಕೊಳವೆ, ಸಡಿಲವಾದ ಕೀಲುಗಳಿಂದಲೂ ಅಷ್ಟೆ. ಹಾಲಿನ ಕೊಳವೆಯನ್ನು ಮೇಕೆಯ ತಲೆಗಿಂತ ಎತ್ತರದಲ್ಲಿ ಹಾಯಿಸಿದರೆ, ಹಾಲು ಗಾಳಿಯೊಂದಿಗೆ ಬಡಿದಾಡಿಕೊಂಡು ಮೇಲೇರಬೇಕು. ಕೊಳವೆ ಕೆಚ್ಚಲಿಗಿಂತ ಕೆಳಗಿದ್ದು, ಇಳಿಜಾರಿನಲ್ಲಿ ಹರಿಯುವಂತಿರುವುದು ಮೇಲು. ಬಕೆಟ್ ಯಂತ್ರದಲ್ಲಿ ಈ ತೊಂದರೆ ಕಡಿಮೆ.

ಇನ್ನು ಸೆಳೆತದ ವಿಷಯ. ಹಸುವಿಗೆ ಹೊಂದಿಸಿದ ಯಂತ್ರವನ್ನು ಹಾಗೆಯೇ ಮೇಕೆಗೆ ಹಾಕಬಾರದು. ಹಸುವಿನ ಬಕೆಟ್ ಯಂತ್ರ ಸಾಮಾನ್ಯವಾಗಿ 45ರಿಂದ 50 ಕಿಲೋಪಾಸ್ಕಲ್ ನಿರ್ವಾತದಲ್ಲಿ ನಡೆಯುತ್ತದೆ. ಮೇಕೆಗೆ 36ರಿಂದ 40 ಸಾಕು, ಅಂದರೆ ಸುಮಾರು 11-12 ಅಂಗುಲ ಪಾದರಸ. ಮಿಡಿತವು ಹಸುವಿಗೆ ನಿಮಿಷಕ್ಕೆ 60ರಷ್ಟಿದ್ದರೆ ಮೇಕೆಗೆ 90ರ ಆಸುಪಾಸು ಇರಬೇಕು. ಯಂತ್ರ ಓಡುತ್ತಿರುವಾಗ ಹೆಬ್ಬೆರಳನ್ನು ಬಟ್ಟಲಿನೊಳಗಿಟ್ಟು, ಗಡಿಯಾರ ನೋಡಿ ಒಂದು ನಿಮಿಷದ ಹಿಡಿತಗಳನ್ನು ಎಣಿಸಿದರೆ ತಿಳಿಯುತ್ತದೆ. ಬಟ್ಟಲಿನ ರಬ್ಬರೂ ಮೇಕೆಯ ತೊಟ್ಟಿನ ಅಳತೆಯದಾಗಿರಬೇಕು. ಸಡಿಲವಾದರೆ ಅದು ಜಾರಿ ಚೀರ್ ಎಂದು ಸದ್ದು ಮಾಡುತ್ತದೆ. ಆ ಸದ್ದು ಕೇಳಿದಾಗ, ಒಳನುಗ್ಗಿದ ಗಾಳಿಯು ಹಾಲಿನ ಹನಿಗಳನ್ನು ತೊಟ್ಟಿನ ತುದಿಗೆ ಎರಚಿ, ಅದರೊಡನೆ ಕೆಚ್ಚಲು ಬಾವಿನ ರೋಗಾಣುಗಳನ್ನೂ ಒಳಕ್ಕೆ ತಳ್ಳಬಹುದೆಂದು ತಿಳಿಯಿರಿ.

ಮೇಕೆಯ ಹಾಲಿನ ಹೆಚ್ಚಿನ ಪಾಲು ಕೆಚ್ಚಲಿನ ಕೆಳಭಾಗದ ತೊಟ್ಟಿಯಲ್ಲಿಯೇ ತುಂಬಿರುವುದರಿಂದ ಬೇಗ ಇಳಿದು ಮುಗಿಯುತ್ತದೆ. ಬಟ್ಟಲು ಹಾಕಿ ಹುಲ್ಲು ತರಲು ಹೋಗುವ ಅಭ್ಯಾಸ ಇಲ್ಲಿ ನಡೆಯದು. ಬರಿದಾದ ಕೆಚ್ಚಲನ್ನು ಎಳೆದರೆ ತೊಟ್ಟಿನ ತುದಿ ಗಡಸಾಗುತ್ತದೆ. ತೆಗೆಯುವಾಗ ಮೊದಲು ನಿರ್ವಾತ ನಿಲ್ಲಿಸಿ, ನಂತರ ಬಟ್ಟಲು ಕಳಚಬೇಕು.

ಯಂತ್ರ ತೊಳೆಯುವುದು ನಿಮಗೆ ಗೊತ್ತಿರುವುದೇ: ಕರೆದ ಕೂಡಲೇ ಉಗುರುಬೆಚ್ಚಗಿನ ನೀರು, ನಂತರ ಬಿಸಿ ನೀರಿನಲ್ಲಿ ಕ್ಷಾರದ ಪುಡಿ, ಆಗಾಗ ಆಮ್ಲದ ತೊಳೆತ. ಬಿರುಕು ಬಿಟ್ಟ ರಬ್ಬರನ್ನು ಎಷ್ಟು ತೊಳೆದರೂ ಶುಚಿಯಾಗದು, ಬದಲಿಸಿ.

ತಪ್ಪು ಯಂತ್ರದ್ದೋ ಮೇಕೆಯದೋ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ನಾಲ್ಕೈದು ಮೇಕೆಗಳ ಒಂದು ತೊಟ್ಟನ್ನು ಕೈಯಿಂದ, ಇನ್ನೊಂದನ್ನು ಯಂತ್ರದಿಂದ ಕರೆಯಿರಿ. ಎರಡೂ ಹಾಲನ್ನು ಶುಚಿಯಾದ ಬೇರೆ ಬೇರೆ ಸೀಸೆಗಳಲ್ಲಿ, ಕಾಯಿಸದೆ, ಒಂದು ದಿನ ಫ್ರಿಜ್ಜಿನಲ್ಲಿಡಿ. ಮರುದಿನ ಕಾಯಿಸಿ ಮೂಸಿ ನೋಡಿ. ಹಸಿ ಹಾಲಿನ ರುಚಿ ನೋಡಬೇಡಿ, ಮೇಕೆಯಿಂದ ಮಾಲ್ಟಾ ಜ್ವರ ಬರುವ ಭಯವಿದೆ. ಯಂತ್ರದ ಹಾಲಷ್ಟೇ ನಾರಿದರೆ ಕೊಳವೆ, ಕೀಲು, ಗೇಜುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಎರಡೂ ನಾರಿದರೆ ಬತ್ತುತ್ತಿರುವ ಮೇಕೆಗಳ ಹಾಲನ್ನು ಬೇರೆ ಮಾಡಿ ನೋಡಿ, ಆಮೇಲೆ ಹೋತದ ವಿಚಾರಣೆ ಮಾಡೋಣ.